ದೊಣೆಯಿಂದ ದೊಣೆಗೆ: ಕಬೇಸಾ ಪ್ರಿಯೇಟಾ ಮೃಗಧಾಮದ ಹಳೆಯ ಹಾದಿಗಳು

೧

ರಾಜವಂಶಗಳ ಚರಿತ್ರೆಯನ್ನು ಬರೆಯುವವನಿಗೆ ಶಾಸನಗಳೂ ನಾಣ್ಯಗಳೂ ಹೇಗೆ ಆಕರಗಳೋ, ಜನಸಂಚಾರದ ಚರಿತ್ರೆಯನ್ನು ಬರೆಯುವವನಿಗೆ ಹಾದಿಗಳೂ ಹಾಗೆಯೇ ಆಕರಗಳು. ಆದರೆ ಶಾಸನಕ್ಕೂ ಹಾದಿಗೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಶಾಸನವನ್ನು ಬರೆಯಿಸಿದವನು ತನ್ನ ಹೆಸರನ್ನು ಹೇಳುತ್ತಾನೆ; ಹಾದಿಯನ್ನು ಸವೆಸಿದವನು ಹೇಳುವುದಿಲ್ಲ. ಅವನು ಎಲ್ಲಿಂದ ಬಂದನು, ಎಲ್ಲಿಗೆ ಹೊರಟನು, ಏನನ್ನು ಅರಸಿದನು ಎಂಬುದನ್ನು ಹಾದಿಯ ತಿರುವುಗಳಿಂದಲೇ ನಾವು ಊಹಿಸಬೇಕು. ಮಳೆ ಹೆಚ್ಚಾಗಿ ಬೀಳುವ ನಾಡಿನಲ್ಲಿ ಇಂತಹ ಊಹೆಗೆ ಆಸ್ಪದವು ಕಡಿಮೆ. ಬಿಟ್ಟ ಹಾದಿಯನ್ನು ಹುಲ್ಲೂ ಪೊದೆಯೂ ಬೇಗನೆ ನುಂಗಿಬಿಡುತ್ತವೆ. ಮರುಭೂಮಿಯ ಸ್ಥಿತಿ ಬೇರೆ. ಅಲ್ಲಿ ಗಾಳಿಯು ಮಣ್ಣನ್ನು ಒಯ್ದು, ಬಿಗಿಯಾಗಿ ಹೊಂದಿಕೊಂಡ ಸಣ್ಣ ಕಲ್ಲುಗಳ ಒಂದು ಹಾಸನ್ನು ನೆಲದ ಮೇಲೆ ಉಳಿಸುತ್ತದೆ. ಒಮ್ಮೆ ಹೋದ ಗಾಡಿಯ ಗಾಲಿಯು ಆ ಹಾಸನ್ನು ಕದಡಿದರೆ ಆ ಜಾಡು ಹಲವು ದಶಕಗಳವರೆಗೆ ಮಾಯುವುದಿಲ್ಲ.

ಈ ದೃಷ್ಟಿಯಿಂದ ಪರಿಶೀಲಿಸಲು ಯೋಗ್ಯವಾದ ಪ್ರದೇಶಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಅರಿಜೋನಾ ರಾಜ್ಯದ ನೈಋತ್ಯ ಮೂಲೆಯಲ್ಲಿರುವ ಕಬೇಸಾ ಪ್ರಿಯೇಟಾ ಮೃಗಧಾಮವು ಒಂದು. ಸ್ಪ್ಯಾನಿಷ್ ಭಾಷೆಯಲ್ಲಿ ಈ ಹೆಸರಿಗೆ ‘ಕಪ್ಪು ತಲೆ’ ಎಂದು ಅರ್ಥ. ಬೆಳ್ಳನೆಯ ಕಣಶಿಲೆಯ ಬೆಟ್ಟವೊಂದರ ನೆತ್ತಿಯ ಮೇಲೆ ಲಾವಾರಸವು ಕಪ್ಪಗೆ ಹೆಪ್ಪುಗಟ್ಟಿರುವುದರಿಂದ ಈ ಹೆಸರು ಬಂದಿದೆ. ಸೊನೋರಾ ಮರುಭೂಮಿಯ ಭಾಗವಾದ ಈ ಧಾಮದ ವಿಸ್ತೀರ್ಣ ಸುಮಾರು ೮,೬೦,೦೦೦ ಎಕರೆ. ದಕ್ಷಿಣದಲ್ಲಿ ೫೬ ಮೈಲಿಗಳ ಉದ್ದಕ್ಕೂ ಮೆಕ್ಸಿಕೋ ದೇಶದ ಗಡಿಯೇ ಇದರ ಎಲ್ಲೆ. ವರ್ಷಕ್ಕೆ ಬೀಳುವ ಮಳೆ ಪಶ್ಚಿಮದ ಅಂಚಿನಲ್ಲಿ ಸುಮಾರು ೩ ಅಂಗುಲ, ಪೂರ್ವದಲ್ಲಿ ಸುಮಾರು ೯ ಅಂಗುಲ. ವರ್ಷವಿಡೀ ಹರಿಯುವ ಒಂದು ತೊರೆಯೂ ಇಲ್ಲಿಲ್ಲ. ಆದರೂ ಈ ನೆಲದ ಮೇಲೆ ಹಾದಿಗಳಿಗೆ ಬರವಿಲ್ಲ. ಈ ಹಾದಿಗಳನ್ನು ಯಾರು, ಯಾವ ಉದ್ದೇಶದಿಂದ ಮಾಡಿದರು, ಅವು ನೀರಿನೊಡನೆ ಯಾವ ಸಂಬಂಧವನ್ನು ಇಟ್ಟುಕೊಂಡಿದ್ದವು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಇಲ್ಲಿನ ಅತ್ಯಂತ ಹಳೆಯ ಹಾದಿಗಳು ಕಾಲುದಾರಿಗಳು. ಯೂರೋಪಿಯನರು ಬರುವುದಕ್ಕೆ ಬಹು ಹಿಂದೆಯೇ ಈ ಪ್ರದೇಶದ ಮೂಲನಿವಾಸಿಗಳು ಕ್ಯಾಲಿಫೋರ್ನಿಯಾ ಕೊಲ್ಲಿಯಿಂದ ಉಪ್ಪನ್ನೂ ಕಪ್ಪೆಚಿಪ್ಪುಗಳನ್ನೂ ಒಳನಾಡಿಗೆ ತರುತ್ತಿದ್ದರು. ಚರಿತ್ರೆಯ ಕಾಲದಲ್ಲಿ ಈ ಭಾಗದಲ್ಲಿ ವಾಸಿಸುತ್ತಿದ್ದವರು ಓಓಧಮ್ ಜನಾಂಗದ ‘ಹಿಯಾ ಚೆಡ್ ಓಓಧಮ್’ ಎಂಬ ಪಂಗಡದವರು. ಹೆಸರಿನ ಅರ್ಥ ‘ಮರಳಿನ ಜನ’ ಎಂದು. ಇವರ ಕಾಲುದಾರಿಗಳು ಎರಡು ಊರುಗಳನ್ನು ಕೂಡಿಸುವ ನೇರ ಗೆರೆಗಳಲ್ಲ. ಬಂಡೆಯ ಕುಳಿಯಲ್ಲಿ ಮಳೆನೀರು ನಿಲ್ಲುವ ಒಂದು ದೊಣೆಯಿಂದ ಇನ್ನೊಂದು ದೊಣೆಗೆ ಅವು ಸಾಗುತ್ತವೆ. ಸ್ಪ್ಯಾನಿಷರು ಇಂತಹ ದೊಣೆಯನ್ನು ‘ತಿನಾಹ’ ಎಂದು ಕರೆದರು. ಆ ಮಾತಿಗೆ ಗುಡಾಣ ಎಂದು ಅರ್ಥ. ದಾರಿಯ ಬದಿಯಲ್ಲಿ ಇಂದಿಗೂ ಒಡೆದ ಮಡಕೆಯ ಚೂರುಗಳೂ ಚಿಪ್ಪಿನ ತುಣುಕುಗಳೂ ಕಾಣಸಿಗುತ್ತವೆ. ಹೀಗೆ ನೀರೇ ಇಲ್ಲಿ ದಾರಿಯ ದಿಕ್ಕನ್ನು ನಿರ್ಣಯಿಸಿತು. ಮನುಷ್ಯನು ಅದನ್ನು ಅನುಸರಿಸಿದನು.

೧೫೪೦ರಲ್ಲಿ ಮೆಲ್ಚಿಯೋರ್ ದಿಯಾಸ್ ಎಂಬ ಸ್ಪ್ಯಾನಿಷ್ ದಳಪತಿಯು ಕೊಲರಾಡೋ ನದಿಯನ್ನು ಅರಸಿ ಸೊನೋರಾದಿಂದ ವಾಯವ್ಯಕ್ಕೆ ಹೊರಟಾಗ ಈ ಸೀಮೆಯ ಮೂಲಕವೇ ಹಾದುಹೋಗಿರಬೇಕೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಇದಕ್ಕಿಂತ ಖಚಿತವಾದ ದಾಖಲೆಯು ದೊರೆಯುವುದು ೧೬೯೯ರಲ್ಲಿ. ಆ ವರ್ಷ ಜೆಸೂಯಿಟ್ ಪಾದ್ರಿಯಾದ ಯುಸೇಬಿಯೋ ಕೀನೋ ಎಂಬಾತನು ಹ್ವಾನ್ ಮತೇಓ ಮಾಂಹೆ ಎಂಬ ಸೇನಾಧಿಕಾರಿಯೊಡನೆ ಈ ದಾರಿಯಲ್ಲಿ ಪ್ರಯಾಣ ಮಾಡಿದನು. ಬೆಳದಿಂಗಳಿನಲ್ಲಿ ಬಂಡೆಗಳನ್ನು ಹತ್ತಿ ನೀರನ್ನು ಕಂಡುಕೊಂಡ ಒಂದು ಸ್ಥಳಕ್ಕೆ ಅವರು ‘ಚಂದ್ರನ ನೀರುದಾಣ’ ಎಂದು ಹೆಸರಿಟ್ಟರು. ಕೀನೋವಿನ ಸಂಚಾರಗಳ ಫಲವಾಗಿ ಕ್ಯಾಲಿಫೋರ್ನಿಯಾ ದ್ವೀಪವಲ್ಲ, ಅಲ್ಲಿಗೆ ನೆಲದ ಮೇಲಿನಿಂದಲೇ ದಾರಿಯುಂಟು ಎಂಬುದು ಸ್ಪಷ್ಟವಾಯಿತು. ಇದನ್ನು ತೋರಿಸುವ ಅವನ ಭೂಪಟವು ೧೭೦೫ರಲ್ಲಿ ಪ್ರಕಟವಾಯಿತು. ಆದರೆ ಕೀನೋ ‘ಕಂಡುಹಿಡಿದ’ ದಾರಿಯು ಹೊಸತಾಗಿರಲಿಲ್ಲ ಎಂಬುದನ್ನು ಮರೆಯಬಾರದು. ದೊಣೆಗಳು ಇರುವ ಎಡೆಯನ್ನು ಬಲ್ಲ ಸ್ಥಳೀಯರ ತಿಳಿವಳಿಕೆಯಿಲ್ಲದೆ ಇಲ್ಲಿ ಯಾವ ಪರದೇಶಿಯೂ ಮುಂದುವರಿಯುವಂತಿರಲಿಲ್ಲ.

೧೭೭೪ರ ಜನವರಿಯಲ್ಲಿ ಹ್ವಾನ್ ಬೌತಿಸ್ತ ದೆ ಆನ್ಸ ಎಂಬ ದಳಪತಿಯು ಫ್ರಾನ್ಸಿಸ್ಕೋ ಗಾರ್ಸೆಸ್ ಎಂಬ ಪಾದ್ರಿಯೊಡನೆ ಕ್ಯಾಲಿಫೋರ್ನಿಯಾಕ್ಕೆ ನೆಲದ ದಾರಿಯನ್ನು ತೆರೆಯಲು ಹೊರಟು ಇದೇ ಮಾರ್ಗವನ್ನು ಹಿಡಿದನು. ಅವನು ಮರುವರ್ಷ ಹೆಂಗಸರು ಮಕ್ಕಳೊಡನೆ ವಲಸೆಗಾರರ ದೊಡ್ಡ ತಂಡವನ್ನು ಕರೆದೊಯ್ಯುವಾಗ ಮಾತ್ರ ಈ ಮಾರ್ಗವನ್ನು ಬಿಟ್ಟು ಉತ್ತರದ ಹೀಲಾ ನದಿಯ ದಂಡೆಯನ್ನು ಅನುಸರಿಸಿದನು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ದೊಣೆಯ ನೀರು ಸಣ್ಣ ತಂಡಕ್ಕೆ ಸಾಲುವುದೇ ಹೊರತು ನೂರಾರು ಜನರಿಗೂ ಅವರ ದನಕುದುರೆಗಳಿಗೂ ಸಾಲದು. ಈ ದಾರಿಯಲ್ಲಿ ಏಕಕಾಲಕ್ಕೆ ಎಷ್ಟು ಜನ ನಡೆಯಬಹುದೆಂಬ ಮಿತಿಯನ್ನು ಬಂಡೆಯ ಕುಳಿಗಳೇ ಗೊತ್ತುಮಾಡಿದ್ದವು. ೧೭೮೧ರಲ್ಲಿ ಕೊಲರಾಡೋ ನದಿಯ ದಾಟುಕಡವಿನಲ್ಲಿ ಕ್ವೆಚಾನ್ ಜನರು ಸ್ಪ್ಯಾನಿಷರ ವಿರುದ್ಧ ದಂಗೆಯೆದ್ದರು. ಗಾರ್ಸೆಸ್ ಪಾದ್ರಿಯು ಅದರಲ್ಲಿ ಹತನಾದನು. ಬಳಿಕ ಸ್ಪ್ಯಾನಿಷರ ಮಟ್ಟಿಗೆ ಈ ಮಾರ್ಗವು ಬಹುಕಾಲ ಮುಚ್ಚಿದಂತಾಯಿತು.

೩

ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಈ ಮಿತಿಯನ್ನು ಜನರು ಒಮ್ಮೆಲೇ ಮೀರಿದರು. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹರಡಿದೊಡನೆ, ೧೮೪೯ರಿಂದ ಮೊದಲಾಗಿ, ಸೊನೋರಾದ ಸಾವಿರಾರು ಜನರು ಇದೇ ದಾರಿಯನ್ನು ಹಿಡಿದರು. ಸೊನೊಯ್ಟಾದಿಂದ ಯೂಮಾದ ದಾಟುಕಡವಿಗೆ ಸುಮಾರು ೧೩೦ ಮೈಲಿ. ಈ ಅಂತರದಲ್ಲಿ ನಂಬಬಹುದಾದ ನೀರಿನ ಎಡೆಗಳು ಕೈಬೆರಳಿನಲ್ಲಿ ಎಣಿಸುವಷ್ಟು ಮಾತ್ರ. ‘ಕಮಿನೋ ದೆಲ್ ದಿಯಾಬ್ಲೋ’, ಅಂದರೆ ಸೈತಾನನ ಹಾದಿ ಎಂಬ ಹೆಸರು ಈ ಮಾರ್ಗಕ್ಕೆ ಸುಮ್ಮನೆ ನಿಂತದ್ದಲ್ಲ.

ಈ ಹಾದಿಯ ಪಶ್ಚಿಮ ಭಾಗದಲ್ಲಿ, ಇಂದಿನ ಮೃಗಧಾಮದ ಎಲ್ಲೆಗೆ ಆಚೆ, ತಿನಾಹಸ್ ಆಲ್ಟಾಸ್ ಎಂಬ ಸ್ಥಳವಿದೆ. ‘ಎತ್ತರದ ದೊಣೆಗಳು’ ಎಂದು ಇದರ ಅರ್ಥ. ಕಡಿದಾದ ಬಂಡೆಯ ಕೊರಕಲಿನಲ್ಲಿ ಒಂದರ ಮೇಲೊಂದರಂತೆ ದೊಣೆಗಳ ಸಾಲಿದೆ. ಕೆಳಗಿನ ದೊಣೆಯನ್ನು ಮೊದಲು ಬಂದವರು ಬರಿದುಮಾಡುತ್ತಿದ್ದರು. ಆಮೇಲೆ ಬಂದವರು ಮೇಲಿನ ದೊಣೆಗೆ ಬಂಡೆಯನ್ನು ಹತ್ತಬೇಕಾಗಿತ್ತು. ಹಲವು ದಿನ ನೀರು ಕಾಣದೆ ಬಂದವನಿಗೆ ಹತ್ತುವ ಶಕ್ತಿ ಎಲ್ಲಿಂದ ಬರಬೇಕು? ನೀರಿನ ಬುಡದಲ್ಲಿಯೇ ಬಾಯಾರಿ ಸತ್ತವರ ಗೋರಿಗಳು ಆ ಬೆಟ್ಟದ ತಪ್ಪಲಿನಲ್ಲಿದ್ದವು. ೧೮೯೧ರಿಂದ ೧೮೯೬ರವರೆಗೆ ಕೆಲಸ ಮಾಡಿದ ಗಡಿ ಆಯೋಗದ ಸದಸ್ಯನೂ ಮುಂದೆ ಪನಾಮಾ ಕಾಲುವೆಯ ಕಾರ್ಯದಿಂದ ಪ್ರಸಿದ್ಧನಾದವನೂ ಆದ ಕ್ಯಾಪ್ಟನ್ ಗೇಲಾರ್ಡ್ ಈ ದಾರಿಯ ಸ್ಥಿತಿಯನ್ನು ವರ್ಣಿಸಿದ್ದಾನೆ. ಸುಮಾರು ೩೦ ಮೈಲಿಗಳ ಒಂದು ದಿನದ ಸವಾರಿಯಲ್ಲಿ ೬೫ ಗೋರಿಗಳನ್ನು ಎಣಿಸಲಾಯಿತೆಂದೂ, ದಾರಿಯು ಹೆಚ್ಚಾಗಿ ಬಳಕೆಯಲ್ಲಿದ್ದ ಕೆಲವೇ ವರ್ಷಗಳಲ್ಲಿ ೪೦೦ಕ್ಕೂ ಹೆಚ್ಚು ಜನರು ಬಾಯಾರಿ ಸತ್ತರೆಂಬ ಮಾತಿತ್ತೆಂದೂ ಅವನ ಬರಹದಿಂದ ತಿಳಿದುಬರುತ್ತದೆ. ಎರಡನೆಯ ಸಂಖ್ಯೆಯು ಕೇಳಿಕೆಯ ಮಾತು. ಮೊದಲನೆಯದು ಕಣ್ಣಿಗೆ ಕಂಡ ಲೆಕ್ಕ. ಚರಿತ್ರೆಯ ವಿದ್ಯಾರ್ಥಿಯು ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇದೇ ಕಾಲಕ್ಕೆ ಸಂಬಂಧಿಸಿದ ಒಂದು ಸಣ್ಣ ವೃತ್ತಾಂತವು ನಮ್ಮ ವಿಚಾರಕ್ಕೆ ಬಹಳ ಉಪಯುಕ್ತವಾಗಿದೆ. ಧಾಮದ ಒಳಗೆ ಟೂಲೆ ಎಂಬ ಬಾವಿಯಿದೆ. ಚಿನ್ನದ ಕಾಲದಲ್ಲಿ ಮೆಕ್ಸಿಕೋದವನೊಬ್ಬನು ಅಲ್ಲಿ ಬಾವಿಯನ್ನು ತೋಡಿ ದಾರಿಹೋಕರಿಗೆ ನೀರನ್ನು ಮಾರುತ್ತಿದ್ದನಂತೆ. ನಮ್ಮಲ್ಲಿ ದಾರಿಯ ಬದಿಯಲ್ಲಿ ನೀರನ್ನು ಇಡುವುದಕ್ಕೆ ಅರವಟ್ಟಿಗೆ ಎಂಬ ಹೆಸರುಂಟು. ಅದು ಪುಣ್ಯದ ಕೆಲಸ. ಟೂಲೆಯ ಬಾವಿಯಲ್ಲಿ ಅದು ವ್ಯಾಪಾರವಾಗಿತ್ತು. ಹಾಗಿದ್ದರೂ ಆ ಬಾವಿಯು ಎಷ್ಟೋ ಜೀವಗಳನ್ನು ಉಳಿಸಿರಬೇಕೆಂಬುದರಲ್ಲಿ ಸಂದೇಹವಿಲ್ಲ. ಬಂಡೆಯ ಕುಳಿಯು ಕೊಟ್ಟಷ್ಟನ್ನು ಮಾತ್ರ ನಂಬಿದ್ದ ದಾರಿಯ ಮೇಲೆ ಮನುಷ್ಯನು ತಾನೇ ನೀರನ್ನು ಒದಗಿಸತೊಡಗಿದ ಘಟ್ಟವನ್ನು ಇದು ಸೂಚಿಸುತ್ತದೆ.

ಈ ಮಧ್ಯೆ ೧೮೫೩ರ ಗ್ಯಾಡ್ಸ್‌ಡನ್ ಒಪ್ಪಂದದಿಂದ ಈ ಸೀಮೆಯು ಮೆಕ್ಸಿಕೋದ ಕೈಬಿಟ್ಟು ಸಂಯುಕ್ತ ಸಂಸ್ಥಾನಕ್ಕೆ ಸೇರಿತು. ಒಂದೇ ಆಗಿದ್ದ ದಾರಿಯನ್ನು ಅಂತರರಾಷ್ಟ್ರೀಯ ಗಡಿಯು ಕತ್ತರಿಸಿತು. ೧೮೭೭ರಲ್ಲಿ ಸದರ್ನ್ ಪೆಸಿಫಿಕ್ ರೈಲು ಯೂಮಾವನ್ನು ಮುಟ್ಟಿ, ೧೮೮೦ರಲ್ಲಿ ಟೂಸಾನ್ ನಗರಕ್ಕೆ ತಲಪಿತು. ಉತ್ತರದಲ್ಲಿ ಹಬೆಯಂತ್ರವು ಓಡತೊಡಗಿದ ಮೇಲೆ ದಕ್ಷಿಣದ ಹಾದಿಯಲ್ಲಿ ನಡೆಯುವವರು ವಿರಳವಾದರು. ೧೯೦೫ರ ಬೇಸಗೆಯಲ್ಲಿ ವಿಜ್ಞಾನಿಯಾದ ಮೆಗೀ ಎಂಬಾತನು ತಿನಾಹಸ್ ಆಲ್ಟಾಸ್‌ನಲ್ಲಿ ಬೀಡುಬಿಟ್ಟಿದ್ದಾಗ, ಸುಮಾರು ಒಂದು ವಾರ ಬಹುಮಟ್ಟಿಗೆ ನೀರಿಲ್ಲದೆ ಅಲೆದ ಪಾಬ್ಲೊ ವಲೆನ್ಸಿಯಾ ಎಂಬವನು ತೆವಳುತ್ತ ಅವನ ಬೀಡಿನ ಬಳಿಗೆ ಬಂದನು. ಮೆಗೀ ಅವನನ್ನು ಉಪಚರಿಸಿ ಬದುಕಿಸಿ, ಬಾಯಾರಿಕೆಯ ಅವಸ್ಥೆಗಳನ್ನು ಕುರಿತು ೧೯೦೬ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಈ ಹಾದಿಯ ಮೇಲೆ ಸತ್ತವರೆಲ್ಲರ ಪರವಾಗಿ ದೊರೆತ ಒಂದೇ ವೈದ್ಯಕೀಯ ಸಾಕ್ಷ್ಯವೆಂದು ಅದನ್ನು ಭಾವಿಸಬಹುದು.

೪

೧೯೩೯ರ ಜನವರಿ ೨೫ರಂದು ಈ ಭೂಮಿಯ ಚರಿತ್ರೆಯಲ್ಲಿ ಹೊಸ ಅಧ್ಯಾಯವು ಆರಂಭವಾಯಿತು. ದೊಡ್ಡಕೊಂಬಿನ ಕಾಡುಕುರಿಗಳ ಸಂತತಿಯು ಕ್ಷೀಣಿಸುತ್ತಿದ್ದುದನ್ನು ಕಂಡು ಫ್ರೆಡರಿಕ್ ಬರ್ನ್‌ಹ್ಯಾಮ್ ಎಂಬ ಪ್ರಸಿದ್ಧ ಬೇಹುಗಾರನೂ ಅರಿಜೋನಾದ ಬಾಲಚಮೂದಳದ ಹುಡುಗರೂ ೧೯೩೬ರಿಂದ ನಡೆಸಿದ ಪ್ರಚಾರದ ಫಲವಾಗಿ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಬೇಸಾ ಪ್ರಿಯೇಟಾವನ್ನೂ ಅದರ ಉತ್ತರಕ್ಕಿರುವ ಕೋಫಾವನ್ನೂ ಮೃಗಗಳಿಗಾಗಿ ಮೀಸಲಿಟ್ಟನು. ಮೂರು ವರ್ಷಗಳೊಳಗಾಗಿ ಮಹಾಯುದ್ಧದ ಸಿದ್ಧತೆಗೆಂದು ಇದೇ ಸೀಮೆಯಲ್ಲಿ ವಿಮಾನದಳದ ಗುರಿಯಭ್ಯಾಸದ ಕ್ಷೇತ್ರವೂ ಸ್ಥಾಪಿತವಾಯಿತು. ಕೆಳಗೆ ಕಾಡುಕುರಿ, ಮೇಲೆ ಯುದ್ಧವಿಮಾನ: ಈ ವಿಚಿತ್ರವಾದ ಸಹವಾಸವು ಇಂದಿಗೂ ಮುಂದುವರಿದಿದೆ. ಧಾಮವನ್ನು ಪ್ರವೇಶಿಸುವವನು ಇಂದು ಮೊದಲು ರಹದಾರಿಯನ್ನು ಪಡೆಯಬೇಕು. ಸೇನೆಯ ಚಟುವಟಿಕೆಯಿಂದ ಅಪಾಯವಾದರೆ ಸರಕಾರವು ಹೊಣೆಯಲ್ಲವೆಂದು ಒಪ್ಪಿ ರುಜು ಮಾಡಬೇಕು.

ಈಗ ಧಾಮದ ಒಳಗೆ ಕಾಣುವ ಹಳೆಯ ಮೋಟಾರು ಜಾಡುಗಳು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದವು. ಗಣಿ ಹುಡುಕುವವರು, ದನ ಮೇಯಿಸುವವರು, ಸೇನೆಯವರು, ಗಡಿಕಾವಲಿನವರು, ಮೃಗಧಾಮದ ನೌಕರರು ಹೀಗೆ ಒಬ್ಬೊಬ್ಬರೂ ತಮ್ಮ ತಮ್ಮ ಕೆಲಸಕ್ಕೆ ಬೇಕಾದ ಜಾಡನ್ನು ಬಿಟ್ಟಿದ್ದಾರೆ. ಇವಕ್ಕೂ ಮೊದಲಿನ ಕಾಲುದಾರಿಗಳಿಗೂ ಇರುವ ಮೂಲಭೂತವಾದ ಭೇದವನ್ನು ಗಮನಿಸಬೇಕು. ಮೋಟಾರು ತನ್ನ ನೀರನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ಆದುದರಿಂದ ಅದರ ಜಾಡು ದೊಣೆಯ ಕಡೆಗೆ ತಿರುಗಬೇಕಾದ ಅಗತ್ಯವಿಲ್ಲ. ಅದು ಕೆಲಸವಿದ್ದ ಕಡೆಗೆ ನೇರವಾಗಿ ಹೋಗಿ, ಕೆಲಸ ಮುಗಿದಲ್ಲಿ ನಿಂತುಬಿಡುತ್ತದೆ: ಬರಿದಾದ ಗಣಿಯ ಬಾಯಿಯಲ್ಲಿ, ಮುರಿದ ದನದ ದೊಡ್ಡಿಯಲ್ಲಿ, ಹಳೆಯ ಗುರಿಗಂಬದಲ್ಲಿ. ಕಾಲುದಾರಿಯನ್ನು ನಂಬಿದವನು ನೀರನ್ನು ಮುಟ್ಟುತ್ತಿದ್ದನು. ಮೋಟಾರಿನ ಜಾಡನ್ನು ನಂಬಿದ ಕಾಲ್ನಡೆಯವನು ಏನನ್ನು ಮುಟ್ಟುವನೆಂದು ಹೇಳಲಾಗದು.

ಕಾಡುಕುರಿಗಳಿಗೆ ನೀರನ್ನು ಒದಗಿಸುವ ಜಾಡುಗಳು ಮಾತ್ರ ಇದಕ್ಕೆ ಒಂದು ಬಗೆಯ ಅಪವಾದ. ಧಾಮದ ಅಧಿಕಾರಿಗಳು ಹಳೆಯ ದೊಣೆಗಳನ್ನು ಆಳಮಾಡಿಸಿದರು, ನೆರಳು ಕಟ್ಟಿಸಿದರು, ಹೊಸ ತೊಟ್ಟಿಗಳನ್ನು ಮಾಡಿಸಿದರು. ಮಳೆ ತಪ್ಪಿದ ವರ್ಷಗಳಲ್ಲಿ ಲಾರಿಗಳಲ್ಲಿ ನೀರನ್ನು ಸಾಗಿಸಿ ತುಂಬಿಸಿದರು. ೧೯೯೦ರ ನವೆಂಬರಿನಲ್ಲಿ ಅರಿಜೋನಾ ಮರುಭೂಮಿಯನ್ನು ಕುರಿತ ಕಾಯಿದೆಯು ಧಾಮದ ಒಳಗೆ ೮,೦೩,೪೧೮ ಎಕರೆಗಳನ್ನು ನಿರ್ಮಾನುಷ ವನ್ಯಪ್ರದೇಶವೆಂದು ಘೋಷಿಸಿತು. ಇಂತಹ ಪ್ರದೇಶದಲ್ಲಿ ೧೯೬೪ರ ಮೂಲ ಕಾಯಿದೆಯ ಪ್ರಕಾರ ಮೋಟಾರು ವಾಹನವು ಸಲ್ಲದು. ಕಮಿನೋ ಮೊದಲಾದ ಕೆಲವೇ ದಾರಿಗಳನ್ನು ಸಾರ್ವಜನಿಕರ ವಾಹನಗಳಿಗೆ ಉಳಿಸಿ ಮಿಕ್ಕ ಜಾಡುಗಳನ್ನು ಮುಚ್ಚಲಾಯಿತು. ಆಡಳಿತದ ಕಾಗದದಲ್ಲಿ ಅವು ಇಲ್ಲವಾದರೂ ನೆಲದ ಮೇಲೆ ಉಳಿದವು; ಈಗ ಅವು ಕಾಲ್ನಡೆಯವರ ಹಾದಿಗಳು. ಪೂರ್ವದಲ್ಲಿ ಆಹೋ ಎಂಬ ಊರಿನಿಂದ ಚಾರ್ಲಿ ಬೆಲ್ ಕಣಿವೆಗೆ ಹೋಗುವ ದಾರಿಯ ಕೊನೆಯಲ್ಲಿ ಇಳಿದು ಬೆಟ್ಟದ ಬುಡದ ಬಾವಿಯವರೆಗೆ ನಡೆದುಹೋಗುವವನು ಈ ಚರಿತ್ರೆಯ ಪದರಗಳನ್ನು ಒಂದೇ ನೋಟದಲ್ಲಿ ಕಾಣಬಹುದು: ಬಂಡೆಗಳ ಮೇಲೆ ಮೂಲನಿವಾಸಿಗಳು ಕೊರೆದ ಚಿತ್ರಗಳು, ದನಗಾಹಿಗಳ ಕಾಲದ ಗಾಳಿಯಂತ್ರ, ವನ್ಯಮೃಗಗಳಿಗಾಗಿ ಉಳಿಸಿಕೊಂಡ ನೀರು. ಮೂರು ಕಾಲದವರೂ ಅಲ್ಲಿಗೆ ಬಂದದ್ದು ಒಂದೇ ಕಾರಣದಿಂದ.

ನೀರಿಗಾಗಿ ವಾಹನವನ್ನು ಒಳಗೆ ಬಿಡಬಹುದೇ ಎಂಬ ಪ್ರಶ್ನೆಯು ಕಾಯಿದೆಯ ಅನಂತರ ತೀವ್ರವಾಯಿತು. ಕೋಫಾದಲ್ಲಿ ೨೦೦೦ದಲ್ಲಿ ಸುಮಾರು ೮೦೦ ಇದ್ದ ಕಾಡುಕುರಿಗಳು ೨೦೦೬ರಲ್ಲಿ ಸುಮಾರು ೩೯೦ಕ್ಕೆ ಇಳಿದವು. ಅಧಿಕಾರಿಗಳು ೨೦೦೭ರಲ್ಲಿ ವನ್ಯಪ್ರದೇಶದ ಒಳಗೆ ಎರಡು ನೀರಿನ ತೊಟ್ಟಿಗಳನ್ನು ಕಟ್ಟಿಸಿದರು. ಇದರ ವಿರುದ್ಧ ಹೂಡಿದ ವ್ಯಾಜ್ಯದಲ್ಲಿ, ಆ ತೊಟ್ಟಿಗಳು ಅನಿವಾರ್ಯವೆಂಬುದನ್ನು ಸರಕಾರವು ಸಾಕಷ್ಟು ನಿರೂಪಿಸಿಲ್ಲವೆಂದು ೨೦೧೦ರಲ್ಲಿ ಮೇಲ್ಮನವಿಯ ನ್ಯಾಯಾಲಯವು ತೀರ್ಪಿತ್ತಿತು. ಕಬೇಸಾ ಪ್ರಿಯೇಟಾದ ಸುತ್ತಲಿನ ಪ್ರದೇಶದಲ್ಲಿ ೨೦೦೨ರ ಕ್ಷಾಮದಿಂದ ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂತಹ ಪ್ರಾಣಿಗಳು ಕೇವಲ ೨೧ ಉಳಿದಾಗ, ಬೇಲಿಯೊಳಗೆ ಅವುಗಳನ್ನು ಸಾಕಿ, ಮೇವು ನೀರುಗಳನ್ನು ಒದಗಿಸಿ, ಸಂತತಿಯನ್ನು ಬೆಳೆಸಿದ್ದೂ ಉಂಟು. ಆ ಪ್ರಯತ್ನವು ಫಲಿಸಿತು. ಮುಟ್ಟದೆ ಬಿಡುವುದೇ ರಕ್ಷಣೆಯೋ, ಕೈನೀಡಿ ಉಳಿಸುವುದು ರಕ್ಷಣೆಯೋ ಎಂಬ ವಾದದಲ್ಲಿ ಎರಡು ಪಕ್ಷಗಳಿಗೂ ತಕ್ಕಷ್ಟು ಬಲವಿದೆ.

೫

ಮೃಗಗಳ ವಿಷಯದಲ್ಲಿ ಎದ್ದ ಈ ಪ್ರಶ್ನೆಯೇ ಮನುಷ್ಯರ ವಿಷಯದಲ್ಲಿಯೂ ಎದ್ದಿತು. ೧೯೯೦ರ ದಶಕದಲ್ಲಿ ಗಡಿಯ ಪಟ್ಟಣಗಳಲ್ಲಿ ಕಾವಲು ಬಿಗಿಯಾದಂತೆ, ಕೆಲಸವನ್ನು ಅರಸಿ ಉತ್ತರಕ್ಕೆ ಹೋಗುವ ಬಡವರು ಮರುಭೂಮಿಯ ಕಡೆಗೆ ಸರಿದರು. ೨೦೦೧ರ ಮೇ ತಿಂಗಳಲ್ಲಿ ಈ ಸೀಮೆಯನ್ನು ಕಾಲ್ನಡೆಯಿಂದ ದಾಟಲು ಹೊರಟ ೨೬ ಜನರ ತಂಡವೊಂದು ದಾರಿ ತಪ್ಪಿತು. ಅವರಲ್ಲಿ ೧೪ ಜನ ಸತ್ತರು. ಸತ್ತವರಲ್ಲಿ ಹಲವರು ಮಳೆ ಹೆಚ್ಚಾಗಿ ಬೀಳುವ ವೆರಾಕ್ರೂಸ್ ಸೀಮೆಯವರು. ದೊಣೆಗಳ ವಿದ್ಯೆಯು ಅವರಿಗೆ ತಿಳಿದಿರುವ ಸಂಭವವೇ ಇರಲಿಲ್ಲ. ೧೮೪೯ಕ್ಕೂ ೨೦೦೧ಕ್ಕೂ ಒಂದೂವರೆ ಶತಮಾನದ ಅಂತರ. ಸಾವಿನ ಕಾರಣದಲ್ಲಿ ಮಾತ್ರ ಅಂತರವಿಲ್ಲ.

ಕಾಲ್ನಡೆಯವರ ಬೆನ್ನುಹತ್ತಿದ ಗಡಿಕಾವಲಿನ ವಾಹನಗಳೂ, ಕಳ್ಳಸಾಗಣೆಯ ವಾಹನಗಳೂ ಸೇರಿ ವನ್ಯಪ್ರದೇಶದ ಮೇಲೆ ಹೊಸ ಜಾಡುಗಳ ಬಲೆಯನ್ನೇ ನೆಯ್ದವು. ೨೦೧೧ರ ಹೊತ್ತಿಗೆ ಅವುಗಳ ಉದ್ದವು ಸಾವಿರಾರು ಮೈಲಿಗಳೆಂದು ಧಾಮದವರೇ ಗುರುತಿಸಿದರು. ೧೯೯೦ರಲ್ಲಿ ಕಾಯಿದೆಯು ಮುಚ್ಚಿದ ಜಾಡುಗಳಿಗಿಂತ ಅದರ ಅನಂತರ ಹುಟ್ಟಿದವು ಬಹುಪಾಲು ಹೆಚ್ಚು. ೧೯೦೭ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಗಡಿಯುದ್ದಕ್ಕೂ ಸರಕಾರಕ್ಕೆಂದು ಕಾದಿರಿಸಿದ್ದ ೬೦ ಅಡಿ ಅಗಲದ ಪಟ್ಟಿಯ ಮೇಲೆ ೨೦೧೯-೨೦ರಲ್ಲಿ ಉಕ್ಕಿನ ಎತ್ತರವಾದ ಗೋಡೆಯೂ ಎದ್ದಿತು.

ಇಂತಹ ಸ್ಥಿತಿಯಲ್ಲಿ ೨೦೧೭ರ ಆಗಸ್ಟಿನಲ್ಲಿ ‘ನೋ ಮೋರ್ ಡೆತ್ಸ್’ ಎಂಬ ಸೇವಾಸಂಸ್ಥೆಯ ನಾಲ್ವರು ಸ್ತ್ರೀಯರು ರಹದಾರಿಯಿಲ್ಲದೆ ಧಾಮವನ್ನು ಪ್ರವೇಶಿಸಿ, ದಾರಿಹೋಕರಿಗೆಂದು ನೀರಿನ ಡಬ್ಬಿಗಳನ್ನೂ ಬೇಯಿಸಿದ ಕಾಳಿನ ಡಬ್ಬಿಗಳನ್ನೂ ಇಟ್ಟು ಬಂದರು. ಆ ಬೇಸಗೆಯಲ್ಲಿಯೇ ರಹದಾರಿಯ ನಿಬಂಧನೆಗಳು ಬದಲಾಗಿ, ನೀರು ಆಹಾರಗಳನ್ನು ಬಿಟ್ಟುಬರುವುದು ಸ್ಪಷ್ಟವಾಗಿ ನಿಷಿದ್ಧವಾಗಿತ್ತು. ೨೦೧೯ರ ಜನವರಿಯಲ್ಲಿ ಅವರು ಅಪರಾಧಿಗಳೆಂದು ತೀರ್ಮಾನವಾಯಿತು. ಆಡಳಿತದ ವಾದವನ್ನೂ ಇಲ್ಲಿ ನ್ಯಾಯವಾಗಿ ಹೇಳಬೇಕು: ವನ್ಯಪ್ರದೇಶದಲ್ಲಿ ಪ್ಲಾಸ್ಟಿಕ್ ಡಬ್ಬಿಯು ಕಸವೇ, ಒಬ್ಬರಿಗೆ ವಿನಾಯಿತಿಯಿತ್ತರೆ ಎಲ್ಲರಿಗೂ ಕೊಡಬೇಕಾಗುವುದು ಎಂಬುದು ಅದರ ನಿಲುವು. ಆದರೆ ೨೦೨೦ರ ಫೆಬ್ರವರಿಯಲ್ಲಿ ಟೂಸಾನಿನ ಮೇಲಿನ ನ್ಯಾಯಾಧೀಶರು ಆ ತೀರ್ಮಾನವನ್ನು ರದ್ದುಪಡಿಸಿದರು. ಬಾಯಾರಿದವನಿಗೆ ನೀರು ಕೊಡಬೇಕೆಂಬುದು ಆ ಸ್ತ್ರೀಯರ ಪ್ರಾಮಾಣಿಕವಾದ ಧರ್ಮಶ್ರದ್ಧೆ, ಅದನ್ನು ೧೯೯೩ರ ಧರ್ಮಸ್ವಾತಂತ್ರ್ಯದ ಕಾಯಿದೆಯು ರಕ್ಷಿಸುತ್ತದೆ ಎಂಬುದು ಆ ತೀರ್ಪಿನ ಆಧಾರ.

೬

ಮೇಲಿನ ಸಂಗತಿಗಳಿಂದ ಏನನ್ನು ನಿರ್ಣಯಿಸಬಹುದು? ಮೊದಲನೆಯದಾಗಿ, ‘ಮನುಷ್ಯನು ಮುಟ್ಟದ ಭೂಮಿ’ ಎಂಬ ಕಲ್ಪನೆಯು ಕಾಯಿದೆಗೆ ಎಷ್ಟೇ ಉಪಯುಕ್ತವಾಗಿದ್ದರೂ ಕಬೇಸಾ ಪ್ರಿಯೇಟಾದ ಚರಿತ್ರೆಗೆ ಅದು ಒಪ್ಪುವುದಿಲ್ಲ. ಅಲ್ಲಿ ಕಾಲಿಡದ ಶತಮಾನವೇ ಇಲ್ಲ. ಎರಡನೆಯದಾಗಿ, ಅಲ್ಲಿನ ಹಾದಿಗಳನ್ನು ಹಳೆಯವು ಹೊಸವು ಎಂದು ವಿಂಗಡಿಸುವುದಕ್ಕಿಂತ, ನೀರನ್ನು ಅನುಸರಿಸಿದವು ಮತ್ತು ನೀರನ್ನು ಮರೆತವು ಎಂದು ವಿಂಗಡಿಸುವುದೇ ಹೆಚ್ಚು ಅರ್ಥವತ್ತಾದದ್ದು. ಮೂರನೆಯದಾಗಿ, ಈ ದಾರಿಯ ಮೇಲೆ ನೀರು ಒಮ್ಮೆ ನಿಸರ್ಗದ ದಾನವಾಗಿತ್ತು, ಒಮ್ಮೆ ಮಾರಾಟದ ವಸ್ತುವಾಯಿತು, ಒಮ್ಮೆ ಮೃಗಗಳ ಹಕ್ಕಾಯಿತು, ಒಮ್ಮೆ ಅಪರಾಧದ ಸಾಕ್ಷ್ಯವೂ ಆಯಿತು. ಒಂದು ಸಮಾಜವು ಯಾರನ್ನು ತನ್ನವರೆಂದು ಎಣಿಸುತ್ತದೆ ಎಂಬುದನ್ನು ಅಳೆಯಲು ಇದಕ್ಕಿಂತ ಸ್ಪಷ್ಟವಾದ ಮಾನದಂಡವು ದೊರೆಯುವುದು ಕಷ್ಟ.

ಕಮಿನೋ ದೆಲ್ ದಿಯಾಬ್ಲೋ ಮಾರ್ಗವು ೧೯೭೮ರಲ್ಲಿ ಆ ದೇಶದ ಚಾರಿತ್ರಿಕ ಸ್ಥಳಗಳ ಪಟ್ಟಿಯಲ್ಲಿ ಸೇರಿತು. ಮುಚ್ಚಿಹೋದ ಉಪದಾರಿಗಳಿಗೆ ಆ ಗೌರವವಿಲ್ಲ. ಅವುಗಳನ್ನು ನೆಲವು ತಾನಾಗಿಯೇ ಅಳಿಸಲೆಂದು ಬಿಡಲಾಗಿದೆ. ನೆಲವು ಆ ಕೆಲಸವನ್ನು ಬಹಳ ನಿಧಾನವಾಗಿ ಮಾಡುತ್ತಿದೆ. ಅಷ್ಟರೊಳಗೆ ಅವುಗಳ ಮೇಲೆ ನಡೆಯುವವರು, ಅವು ಎಲ್ಲಿಗೆ ಹೋಗುತ್ತವೆಂಬುದನ್ನು ಮಾತ್ರವಲ್ಲದೆ, ಎಲ್ಲಿ ನೀರಿನ ಕಡೆಗೆ ತಿರುಗದೆ ಮುಂದೆ ಸಾಗುತ್ತವೆಂಬುದನ್ನೂ ಗುರುತಿಸಿಕೊಳ್ಳುವುದು ಅವಶ್ಯಕ. ಆ ತಿರುಗದ ಸ್ಥಳಗಳಲ್ಲಿಯೇ ಈ ಚರಿತ್ರೆಯ ಬಹುಭಾಗವು ಅಡಗಿದೆ.